ಅಜ್ಞಾತ ಇಸಮು

ತ್ರಿವೇಣಿ ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು ಸೋಲಾಪುರದ ಮೊಮ್ಮಗಳಿಗೆ ಮಾತು ಕಲಿಸುತ್ತಿದ್ದಳು. "ಆಯಿ ಅನ್ನವ್ವಾ, ಆ...ಯಿ. ನಾ ಯಾರು? ನಾ ನಿನ್ನ ಆಯಿ." ಹನ್ನೊಂದು ತಿಂಗಳ ಕೂಸು ಪರದೆಗೆ ಮೂಗು ಒತ್ತಿ ಜೊಲ್ಲು ಸುರಿಸಿತೇ ಹೊರತು ಏನೂ ಅನ್ನಲಿಲ್ಲ. ಅವಳ ಗಂಡ ಶಿವರುದ್ರಪ್ಪನ ಚಹಾದ ಕಪ್ಪು ತುಟಿಯ ಹತ್ತಿರ ಬಂದದ್ದು ಅಲ್ಲಿಯೇ ನಿಂತಿತು. ಈ ಮನೆಯಲ್ಲಿ ಈ ಶಬ್ದವನ್ನು ಅವನು ದಿನಾ ಕೇಳುತ್ತಿದ್ದ, ಕೇಳಿಯೂ ಕೇಳದಂತೆ ಪೇಪರು ತಿರುವುತ್ತಿದ್ದ. ಇವತ್ತು ಮಾತ್ರ ಅದು ಕಿವಿಯೊಳಗೆ ಹೊಕ್ಕು, ನಾಲ್ಕು ದಿನಗಳಿಂದ ಅಲ್ಲಿ ಕುಳಿತಿದ್ದ ಇನ್ನೊಂದು ಕೂಗಿನ ಮೇಲೆ ಹೋಗಿ ಬಿತ್ತು.

"ತ್ರಿವೇಣಿ, ಮರಾಠ್ಯಾಗ ಆಯಿ ಅಂದ್ರ ಏನು?"

"ತಾಯಿ. ಪುಣ್ಯಾಕ್ಕ ಬಂದು ಮೂವತ್ತ ವರ್ಷ ಆತು, ಈಗ ಕೇಳ್ತೀರಿ?"

"ನಮ್ಮಾಗ?"

"ನಮ್ಮಾಗ ನಾನು," ಎಂದು ಅವಳು ಅಜ್ಜಿಯಾದ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು. ಆಮೇಲೆ ಗಂಡನ ಮುಖ ನೋಡಿ, "ಯಾಕ್ರೀ, ಮತ್ತ ಶುಗರ್ ಇಳಿದದೇನು? ಚಹಾ ಆರಾಕತ್ತದಲ್ಲ," ಎಂದಳು. ಏನಿಲ್ಲ ಎಂದು ಅವನು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದ.

ಮಂಗಳವಾರ ಆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಪೂರ್ತಿ ಹೇಳಿಕೊಂಡಿರಲಿಲ್ಲ. ಡಾಕ್ಟರರು ಸಕ್ಕರೆ ಕಾಯಿಲೆಗೆ ಸೈಕಲ್ ತುಳಿಯಿರಿ ಎಂದಿದ್ದರು, ಐವತ್ತಾರನೇ ವಯಸ್ಸಿನಲ್ಲಿ ತುಳಿಯಲು ಸುರುಮಾಡಿದ್ದ. ಪುಣೆಯ ಸದಾಶಿವ ಪೇಠದಿಂದ ಶಿವಾಜಿನಗರದ ವಕೀಲರ ಆಫೀಸಿಗೆ ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಮೊದಲ ವಾರ ರಸ್ತೆಯ ಅಂಚಿನಲ್ಲೇ ಹೋದ. ಎರಡನೆಯ ವಾರ ಯಾವುದೋ ಸ್ಕೂಟರಿನ ಕನ್ನಡಿ ಮೊಣಕೈಗೆ ಬಡಿದು, ಅದನ್ನು ತಪ್ಪಿಸಲು ಹೋಗಿ, ಹಿಂದೆ ಬರುತ್ತಿದ್ದ ಬಸ್ಸಿನ ಬಿಸಿ ಉಸಿರು ಕತ್ತಿನ ಹಿಂಭಾಗಕ್ಕೆ ತಾಗಿತು. ಅವತ್ತಿನಿಂದ ಸೇತುವೆ ದಾಟಿದ ಕೂಡಲೇ ಫುಟ್‌ಪಾತಿಗೆ ಏರತೊಡಗಿದ್ದ. ಅಲ್ಲಿ ಒಂದು ಕಡೆ ಕಲ್ಲುಗಳ ಮೇಲೆ ಸೈಕಲ್ಲಿನ ಚಿತ್ರ ಬರೆದದ್ದು ಅರ್ಧ ಅಳಿಸಿಹೋಗಿದೆ. ಅದು ಎಲ್ಲಿ ಸುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಯಾರಿಗೂ ಗೊತ್ತಿಲ್ಲ. ಅಳಿಸಿಹೋದ ಆ ಚಿತ್ರದ ಬಲದ ಮೇಲೆ ಶಿವರುದ್ರಪ್ಪ ಚಿತ್ರವೇ ಇಲ್ಲದ ಕಡೆಯೂ ಗಂಟೆ ಬಾರಿಸಿಕೊಂಡು ಹೋಗುತ್ತಿದ್ದ. ನಡೆಯುವವರು ತಿರುಗಿ ನೋಡಿದರೆ ಅವರ ಮುಖದ ಸಿಟ್ಟು ಅವನಿಗೆ ಅನ್ಯಾಯವೆನಿಸುತ್ತಿತ್ತು. ಬಸ್ಸಿನ ಕೆಳಗೆ ಹೋಗು ಎನ್ನುತ್ತಾರೇನು ಇವರು? ಮನುಷ್ಯನ ಬುದ್ಧಿಯೇ ಇಷ್ಟು: ರಸ್ತೆಯಲ್ಲಿ ತಾನು ಯಾವುದಕ್ಕೆ ಹೆದರುತ್ತಿದ್ದನೋ, ಫುಟ್‌ಪಾತಿನ ಮೇಲೆ ತಾನು ಅದೇ ಆಗಿದ್ದೇನೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಆ ದಿನ ಮುಂದೆ ಒಬ್ಬ ಹೆಂಗಸು ನಡೆಯುತ್ತಿದ್ದಳು. ತಲೆಯ ಮೇಲೆ ಸೆರಗು, ಹಸಿರು ಸೀರೆ, ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದು ಕೈಯಲ್ಲಿ ಆರು ವರ್ಷದ ಹುಡುಗಿ. ಗಂಟೆ ಬಾರಿಸಿ "ಬಾಜೂಲಾ ವ್ಹಾ" ಎಂದು ಮರಾಠಿಯಲ್ಲಿ ಕೂಗಿದ, ಪಕ್ಕಕ್ಕೆ ಸರಿಯಿರಿ ಎಂದು. ಅವಳು ಸರಿದಳು. ಸರಿಯುವಾಗ ಅವನು ಹೋಗಬೇಕೆಂದಿದ್ದ ಕಡೆಗೇ ಸರಿದಳು. ಹ್ಯಾಂಡಲು ಅವಳ ಮೊಣಕೈಗೋ ಕ್ಯಾನಿಗೋ ಸಿಕ್ಕಿತು. ಒಂದು ಕಾಲು ನೆಲಕ್ಕೂರಿ ಅವನು ತಿರುಗಿ ನೋಡಿದಾಗ ಕಂಡದ್ದು ಬೋರಲು ಬಿದ್ದ ಬೆನ್ನು, ಚಪ್ಪಲಿ ಕಳಚಿದ ಒಂದು ಹಿಮ್ಮಡಿ, ಕಲ್ಲುಗಳ ಸಂದಿಯಲ್ಲಿ ಹರಿಯುತ್ತಿದ್ದ ನೀರು. ಮುಖ ಕಾಣಲಿಲ್ಲ. ಹುಡುಗಿ "ಆಯಿ! ಆಯಿ!" ಎಂದು ಚೀರಿದಳು. ಹಿಂದಿನಿಂದ ಯಾರೋ "ಏ ಸಾಯಕಲವಾಲೇ" ಎಂದು ಕೂಗಿದರು. ಕಾಲು ತಾನಾಗಿಯೇ ಪೆಡಲು ತುಳಿಯಿತು ಎಂದು ನಾಲ್ಕು ದಿನ ಹೇಳಿಕೊಂಡಿದ್ದಾನೆ. ಕಾಲು ತಾನಾಗಿ ತುಳಿಯುವುದಿಲ್ಲ ಎಂಬುದು ಐದು ತಿಂಗಳಿಂದ ಏದುಸಿರು ಬಿಡುತ್ತ ತುಳಿಯುತ್ತಿರುವವನಿಗೆ ಗೊತ್ತಿರದ ಮಾತಲ್ಲ.

ಅವನನ್ನು ನಾಲ್ಕು ದಿನ ಕಾಪಾಡಿದ್ದು ಆ ಶಬ್ದವೇ. ಆಯಿ ಎಂದಳು, ಅಂದರೆ ತಾಯಿ. ಆರು ವರ್ಷದ ಹುಡುಗಿಯ ತಾಯಿಗೆ ಎಷ್ಟು ವಯಸ್ಸಾದೀತು, ಇಪ್ಪತ್ತಾರು, ಇಪ್ಪತ್ತೇಳು. ಆ ವಯಸ್ಸಿನವರು ಬಿದ್ದರೆ ಏಳುತ್ತಾರೆ, ಸೀರೆ ಝಾಡಿಸಿಕೊಳ್ಳುತ್ತಾರೆ, ನಾಲ್ಕು ಬೈಗುಳ ಬೈದು ಮುಂದೆ ಹೋಗುತ್ತಾರೆ. ಎಲುಬು ಮುರಿಯುವ ಪ್ರಶ್ನೆಯೇ ಇಲ್ಲ. ಹೀಗೆ ವಕೀಲರ ಕಾರಕೂನನಿಗೆ ಒಪ್ಪುವಂತೆ ಒಂದೊಂದೇ ಅಂಶ ಜೋಡಿಸಿ, ತನ್ನ ಕೇಸನ್ನು ತಾನೇ ಖುಲಾಸೆ ಮಾಡಿಕೊಂಡು ಮಲಗುತ್ತಿದ್ದ. ಈಗ ಮೆಟ್ಟಿಲಿಳಿಯುವಾಗ ಆ ಕೂಗು ಮತ್ತೆ ಕೇಳಿಸಿತು, ಮತ್ತು ಅದರ ಬಾಲದಲ್ಲಿ ಇನ್ನೊಂದು ಶಬ್ದವಿತ್ತು: "ಆಯಿ, ಏಳ." ಮರಾಠಿ ಹುಡುಗಿ ಏಳ ಎನ್ನುತ್ತಾಳೆಯೇ? ಇದು ಅವತ್ತು ನಿಜವಾಗಿ ಕೇಳಿದ್ದೋ, ಈಗ ತಾನೇ ಸೇರಿಸಿಕೊಳ್ಳುತ್ತಿರುವುದೋ? ಅವನ ಆಯಿ, ಇಂಡಿ ಊರಿನ ಮನೆಯ ಅಜ್ಜಿ, ಅವನು ಎರಡನೇ ಇಯತ್ತೆಯಲ್ಲಿದ್ದಾಗ ಹಿತ್ತಲಿನ ಪಾಚಿಯ ಮೇಲೆ ಜಾರಿ ಬಿದ್ದಿದ್ದಳು. ಅವನೂ ಹಾಗೆಯೇ ಚೀರಿದ್ದ, ಅದೇ ರಾಗದಲ್ಲಿ, ಏಳ ಆಯಿ, ಏಳ. ಆಕೆ ಎದ್ದಿದ್ದಳು, ಆದರೆ ಆಮೇಲೆ ನೆಟ್ಟಗೆ ನಡೆಯಲಿಲ್ಲ. ತನ್ನ ಬಾಯಿಂದಲೇ ಒಮ್ಮೆ ಹೊರಟ ಕೂಗನ್ನು ಗುರುತಿಸದಷ್ಟು ಕಿವಿ ಮರಾಠಿಯಾಗಿತ್ತೇ? ಆಗಿತ್ತು, ಆಗಲೆಂದೇ ಅವನು ಬೆವರು ಸುರಿಸಿದ್ದ. ಬಂದ ಹೊಸದರಲ್ಲಿ ಆಫೀಸಿನಲ್ಲಿ ಮರಾಠಿಯಲ್ಲಿ ಹೆಣ್ಣುಲಿಂಗವಾದ ಸೈಕಲ್ಲನ್ನು ಗಂಡು ಮಾಡಿ ಮಾತನಾಡಿದ್ದಕ್ಕೆ ಇಡೀ ಆಫೀಸು ನಕ್ಕಿತ್ತು, ಅವನೂ ಅವರ ಸಂಗಡ ನಕ್ಕಿದ್ದ. ಹತ್ತು ವರ್ಷದ ಮೇಲೆ ಒಬ್ಬ ಕಕ್ಷಿದಾರ "ನೀವು ಕಾನಡಿ ಅನ್ನಿಸುವುದೇ ಇಲ್ಲ" ಎಂದ ದಿನ ತ್ರಿವೇಣಿಗೆ ಪೇಢೆ ತಂದುಕೊಟ್ಟಿದ್ದ. ಯಾಕೆ ತಂದೆನೆಂದು ಮಾತ್ರ ಹೇಳಿರಲಿಲ್ಲ.

ಕೆಳಗೆ ಗೇಟಿನ ಬಳಿ ಎರಡನೇ ಮಹಡಿಯ ಮಾಧುರಿಬಾಯಿ ಒಂದು ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ನಿಂತಿದ್ದರು. ನಿವೃತ್ತ ಶಿಕ್ಷಕಿ, ಸೊಂಟದ ಆಪರೇಷನ್ ಆದವರು. ಮುಂಜಾನೆ ವಾಕಿಂಗಿಗೆ ಹೋಗುವವರೆಲ್ಲ ಸೇರಿ ಕಾರ್ಪೊರೇಷನ್ನಿಗೆ ಅರ್ಜಿ ಕೊಡುತ್ತಿದ್ದಾರೆ, ಫುಟ್‌ಪಾತು ನಡೆಯುವವರದ್ದು, ಅದರ ಮೇಲೆ ಸೈಕಲ್ಲು ಸ್ಕೂಟರು ಏರಬಾರದು ಎಂದು. "ಹಿರೇಮಠಸಾಹೇಬ, ನೀವು ಸ್ವತಃ ಸೈಕಲ್ ತುಳಿಯುವವರು. ನಿಮ್ಮ ಸಹಿ ಇದ್ದರೆ ಅರ್ಜಿಗೆ ತೂಕ ಬರುತ್ತದೆ," ಎಂದು ಮರಾಠಿಯಲ್ಲಿ ಹೇಳಿದರು. "ಮೊದಲು ಮುಂದೆ ನೋಡಿ ನಡೆಯುತ್ತಿದ್ದೆ. ಈಗ ಬೆನ್ನಿಗೆ ಕಣ್ಣು ಬೇಕಾಗಿದೆ. ಇನ್ನೊಮ್ಮೆ ಬಿದ್ದರೆ ನಾನು ಏಳುವುದಿಲ್ಲ, ನೋಡಿ." ಶಿವರುದ್ರಪ್ಪ ತನ್ನ ಕೈ ಸೈಕಲ್ಲಿನ ಗಂಟೆಯನ್ನು ಮುಚ್ಚಿ ಹಿಡಿದಿರುವುದನ್ನು ಕಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ನೀವಂತೂ ಮೇಲೆ ಏರುವುದಿಲ್ಲ ಬಿಡಿ," ಎಂದರು ಅವರು. "ಛೇ ಛೇ," ಎಂದ ಅವನು. ಸಹಿ ಮಾಡಿದ. ಅದೂ ಅಂದವಾದ ಮರಾಠಿ ಅಕ್ಷರದಲ್ಲಿ, ಹನ್ನೆರಡನೆಯ ಹೆಸರಾಗಿ. ಗೇಟು ದಾಟಿ ತಿರುವಿಗೆ ಬಂದ ಮೇಲೆ ಕಿವಿ ಸುಟ್ಟುಹೋಗುವಷ್ಟು ನಾಚಿಕೆಯಾಯಿತು.

ಆ ದಿನ ಅವನು ಸೈಕಲ್ ಹತ್ತಲಿಲ್ಲ. ಉದ್ದಕ್ಕೂ ತಳ್ಳಿಕೊಂಡು ನಡೆದ. ನಡೆಯುವವನಾದ ಕೂಡಲೇ ಫುಟ್‌ಪಾತು ಬೇರೆಯೇ ಆಯಿತು. ಹಿಂದೆ ಎಲ್ಲೋ ಕಿಣಿಕಿಣಿ ಎಂದರೆ ಬೆನ್ನು ಸೆಟೆದುಕೊಳ್ಳುತ್ತಿತ್ತು. ಕಾಲೇಜಿನ ಹುಡುಗಿಯೊಬ್ಬಳು ಸೈಕಲ್ಲಿನ ಮೇಲೆ ಅವನನ್ನು ಸವರಿಕೊಂಡು ಹೋಗುತ್ತ "ಸಾರೀ ಕಾಕಾ" ಎಂದಳು. ಅವಳನ್ನು ಬೈಯಲು ಬಾಯಿ ತೆರೆದು ಮುಚ್ಚಿದ. ಇವತ್ತು ಶನಿವಾರ, ಆಫೀಸಿನಲ್ಲಿ ಅರ್ಧ ದಿನ. ತಡವಾದರೆ ವಕೀಲರು ಒಂದು ಮಾತು ಅಂದಾರು. ನೇರ ಆಫೀಸಿಗೆ ಹೋದರೂ ಯಾರೂ ಕೇಳುವುದಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಒಂದು ಹಸಿರು ಸೀರೆ, ಒಂದು ಕ್ಯಾನು, ಯಾರು ನೆನಪಿಟ್ಟಿರುತ್ತಾರೆ? ಆಫೀಸಿನಲ್ಲಿ ಅವನು ಸಾವಿರ ಸಲ ಟೈಪು ಮಾಡಿದ ಮಾತೊಂದಿದೆ, ಅಜ್ಞಾತ ಇಸಮು, ಅಂದರೆ ಯಾರೆಂದು ತಿಳಿಯದ ಮನುಷ್ಯ. ಅಜ್ಞಾತ ಇಸಮು ಡಿಕ್ಕಿ ಹೊಡೆದ, ಅಜ್ಞಾತ ಇಸಮು ಪರಾರಿಯಾದ. ಅವನಿಗೆ ಹೆಸರಿಲ್ಲ, ಜಾತಿಯಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಇಷ್ಟು ವರ್ಷ ಆ ಇಸಮನ್ನು ಶಿವರುದ್ರಪ್ಪ ಯಾರೋ ಹಾಳು ಮನುಷ್ಯ ಎಂದುಕೊಂಡಿದ್ದ, ಅವನೂ ಟಿಫಿನ್ ಡಬ್ಬಿ ಹಿಡಿದುಕೊಂಡು ಕೆಲಸಕ್ಕೆ ಹೋಗುವವನಿರಬಹುದು ಎಂದು ಎಂದೂ ಅನ್ನಿಸಿರಲಿಲ್ಲ.

ಆ ಜಾಗ ಬಂತು. ಎಳನೀರಿನವನು ಅಲ್ಲಿಯೇ ಇದ್ದ. ಇಲ್ಲಿ ಮಂಗಳವಾರ ಒಬ್ಬ ಹೆಂಗಸು ಬಿದ್ದಿದ್ದಳಂತಲ್ಲ ಎಂದು ಶಿವರುದ್ರಪ್ಪ ಮರಾಠಿಯಲ್ಲಿ, ಬೇರೆ ಯಾರದೋ ಸುದ್ದಿಯಂತೆ ಕೇಳಿದ. "ತೀ ಮ್ಹಾತಾರೀ?" ಎಂದ ಅವನು ಕಾಯಿ ಕೆತ್ತುತ್ತ. ಆ ಮುದುಕಿಯೇ? "ಹಿಂದಿನ ಕಟ್ಟಡದ ಕೆಲಸದವರು. ತಗಡಿನ ಬೇಲಿಯೊಳಗೆ ಹೋಗಿ ಕೇಳಿ." ಮುದುಕಿ ಎಂಬ ಮಾತು ಇಷ್ಟು ಸರಾಗವಾಗಿ ಬಂದು ಎದುರಿಗೆ ನಿಂತಿತು. ಸೈಕಲ್ಲನ್ನು ಎಳನೀರಿನ ಗಾಡಿಯ ಹಿಂದೆ, ಯಾರಿಗೂ ಕಾಣದ ಹಾಗೆ ನಿಲ್ಲಿಸಿ ಅವನು ತಗಡಿನ ಬಾಗಿಲು ದೂಡಿದ.

ಸಿಮೆಂಟಿನ ಚೀಲಗಳ ಆಚೆ ನಾಲ್ಕು ಗುಡಿಸಲುಗಳಿದ್ದವು. ಮೊದಲನೆಯದರ ಮುಂದೆ ಅದೇ ಹಸಿರು ಸೀರೆ ಹಗ್ಗದ ಮೇಲೆ ಒಣಗುತ್ತಿತ್ತು. ಅದರ ಕೆಳಗೆ ಅರವತ್ತೈದು ದಾಟಿದ ಹೆಂಗಸು ಕುಳಿತು ಎಡಗೈಯಿಂದ ಜೋಳದ ಹಿಟ್ಟು ನಾದುತ್ತಿದ್ದಳು. ಬಲಗೈಗೆ ಅರಿಶಿನ ಮೆತ್ತಿ ಹಳೆಯ ಬಟ್ಟೆ ಸುತ್ತಿತ್ತು. ಹೊರಗೆ ಇಣುಕಿದ ಬೆರಳುಗಳು ಊದಿ ಹೊಳೆಯುತ್ತಿದ್ದವು. ಹುಡುಗಿ ನೀರು ಹನಿಸುತ್ತಿದ್ದಳು. ಶಿವರುದ್ರಪ್ಪನ ಬಾಯಿಗೆ ಬಂದ ಮರಾಠಿ ಅಲ್ಲಿಯೇ ಒಣಗಿತು. "ಯಾವೂರಿನ ಮಂದಿ ನೀವು?" ಎಂದ.

ಮುದುಕಿಯ ಮುಖ ಅರಳಿತು. "ಸಿಂದಗಿ ಕಡ್ಯಾರ್ರಿ. ನೀವೂ ನಮ್ಮ ಕಡ್ಯಾರೇನು? ಬರ್ರಿ, ಕೂಡ್ರಿ. ಸೋನಾಲಿ, ಚೀಲಾ ಹಾಸ ಅವರಿಗೆ." ಅವಳ ಹೆಸರು ಭೀಮವ್ವ. ಮಗಳು ಅಳಿಯ ಮೇಲೆ ಸ್ಲ್ಯಾಬಿನ ಕೆಲಸದಲ್ಲಿದ್ದರು. ಇಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. ಎಳನೀರಿನವನು ಹೇಳಿದ, ಅದಕ್ಕೇ ಬಂದೆ ಎಂದು ಅವನು ಅರ್ಧ ನಿಜ ಹೇಳಿದ. ಇಷ್ಟು ದಿನಗಳಲ್ಲಿ ತನ್ನನ್ನು ಕೇಳಿಕೊಂಡು ಬಂದವರು ನೀವೊಬ್ಬರೇ ಎಂದು ಅವಳು ಹೇಳಿಕೊಂಡಾಗ ಎದ್ದು ಓಡಿಹೋಗಬೇಕೆನಿಸಿತು. ದವಾಖಾನೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದ.

"ಹೋಗಿ ಏನಂತ ಹೇಳ್ಲಿ? ನನಗ ಮರಾಠಿ ಬರಂಗಿಲ್ಲ. ಇವರು ಕೆಲಸಾ ಬಿಟ್ಟು ಬರಂಗಿಲ್ಲ. ಎಡಗೈಲೆ ರೊಟ್ಟಿ ಬಡಿಯಾಕ ಬರಂಗಿಲ್ರಿ, ಅದೊಂದ ಭಾಳ ಕಷ್ಟ ಆಗೇದ." ಅವಳು ಊದಿದ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು. "ಯಾವನೋ ಮರಾಠ್ಯಾಂವ್ರಿ. ಬಾಜು ಬಾಜು ಅಂತ ಒದರಿದ, ಕೆಡವಿದ, ಹೊಂಟಹೋದ. ನಮ್ಮಾಂವ ಆಗಿದ್ರ ಹಂಗ ಬಿಟ್ಟ ಹೋಗ್ತಿದ್ನೇನ್ರಿ?"

"ಇಲ್ಲ," ಎಂದಿತು ಶಿವರುದ್ರಪ್ಪನ ಬಾಯಿ. ಸೋನಾಲಿ ಅವನ ಹೆಗಲಿನ ನೀಲಿ ಟಿಫಿನ್ ಚೀಲವನ್ನು ನೋಡುತ್ತಿದ್ದಳು. ಓಡಿಹೋಗುವವನ ಬೆನ್ನ ಮೇಲೆ ಅವಳಿಗೆ ಕಂಡಿರಬಹುದಾದದ್ದು ಅದೊಂದೇ. ಅವನು ಚೀಲವನ್ನು ಮೆಲ್ಲಗೆ ತೊಡೆಯ ಮೇಲೆ ತೆಗೆದುಕೊಂಡ, ಆಮೇಲೆ ಹಿಂದಕ್ಕೆ ಸರಿಸಿದ. ಹುಡುಗಿಯ ಕಣ್ಣು ಚೀಲದ ಸಂಗಡವೇ ಹೋಯಿತು.

"ಏಳ್ರಿ, ದವಾಖಾನಿಗೆ ಹೋಗೂಣು. ನಾ ಮಾತಾಡ್ತೀನಿ," ಎಂದ. ಹೇಳಿದ ಕೂಡಲೇ ಒಂದು ಸಣ್ಣ ಸಮಾಧಾನವಾಯಿತು. ಆ ಸಮಾಧಾನದ ಮೇಲೆ ಅವನಿಗೇ ಅಸಹ್ಯವಾಯಿತು. ಕೈ ತೋರಿಸಿ ಕರೆತಂದು ಬಿಟ್ಟರೆ ಮುಗಿಯಿತು, ಹಾವೂ ಸಾಯುತ್ತದೆ ಕೋಲೂ ಮುರಿಯುವುದಿಲ್ಲ. ಮಾಡಿದ ತಪ್ಪೂ ತೀರಿತು, ಊರಿನವನೆಂಬ ಹೆಸರೂ ಉಳಿಯಿತು. ರಿಕ್ಷಾದಲ್ಲಿ ಭೀಮವ್ವ ಅವನ ತೋಳನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಗುಂಡಿ ಬಂದಾಗಲೆಲ್ಲ ಅವಳು ಯವ್ವಾ ಎನ್ನುತ್ತಿದ್ದಳು, ಅವನ ಹಲ್ಲು ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು. ಕಾರ್ಪೊರೇಷನ್ ದವಾಖಾನೆಯ ಸಾಲಿನಲ್ಲಿ ನಿಂತವರಿಗೆಲ್ಲ ಅವಳು ಅವನನ್ನು ತೋರಿಸಿ "ನಮ್ಮೂರವ್ರು" ಎಂದಳು. ಯಾರಿಗೂ ತಿಳಿಯಲಿಲ್ಲ, ಆದರೂ ಎಲ್ಲರೂ ತಲೆಯಾಡಿಸಿದರು. ಸಿಂದಗಿ ಅವನ ಊರಲ್ಲ, ಇಂಡಿ ಬೇರೆ ತಾಲೂಕು. ಅದನ್ನು ಅವನು ತಿದ್ದಲು ಹೋಗಲಿಲ್ಲ.

ಎಕ್ಸ್‌ರೇ ತೆಗೆದರು. ಮಣಿಕಟ್ಟಿನ ಎಲುಬು ಮುರಿದಿತ್ತು. ಡಾಕ್ಟರು ಮೂವತ್ತು ದಾಟದ ಹೆಣ್ಣುಮಗಳು, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ನಾಲ್ಕು ದಿನ ಯಾಕೆ ಬಿಟ್ಟಿರಿ ಎಂದು ಗದರಿಸಿ, ಕಾಗದದ ಮೇಲೆ ಪೆನ್ನಿಟ್ಟು, "ಕಸಂ ಝಾಲಂ?" ಎಂದಳು. ಹೇಗಾಯಿತು. ಶಿವರುದ್ರಪ್ಪ ಅದನ್ನು ಕನ್ನಡಿಸಿ ಭೀಮವ್ವನಿಗೆ ಹೇಳಿದ. "ಹೇಳ್ರಿ," ಎಂದಳು ಅವಳು, "ಮರಾಠ್ಯಾಂವ ಒಬ್ಬ ಕೆಡವಿ ಓಡಿಹೋದ ಅಂತ ಹೇಳ್ರಿ ಬಾಯಾರಿಗೆ."

ಪೆನ್ನು ಕಾಯುತ್ತಿತ್ತು. ಅಜ್ಞಾತ ಇಸಮು ಎಂಬ ಎರಡು ಶಬ್ದ ನಾಲಿಗೆಯ ತುದಿಗೆ ತಾವಾಗಿ ಬಂದು ಕುಳಿತಿದ್ದವು. ಅದು ಸುಳ್ಳೂ ಅಲ್ಲ, ಅವಳಿಗೆ ಅವನು ಅಜ್ಞಾತನೇ. ಆದರೆ ಅವಳು ಹೇಳಿದ್ದು ಅದಲ್ಲ, ಮರಾಠ್ಯಾಂವ ಎಂದಿದ್ದಳು. ಮೂವತ್ತು ವರ್ಷ ಕಕ್ಷಿದಾರರ ಮಾತನ್ನು ಅತ್ತಿಂದಿತ್ತ ಮಾಡಿದ ಕಾರಕೂನ ಒಮ್ಮೆಯೂ ಒಂದು ಅಕ್ಷರ ಬದಲಿಸಿರಲಿಲ್ಲ. ಅದೊಂದೇ ಅವನ ಅಭಿಮಾನದ ಕೆಲಸ. ಇದನ್ನು ಇದ್ದಂತೆ ಹೇಳಿದರೆ ಇನ್ಯಾರದೋ ತಲೆಗೆ ತನ್ನದನ್ನು ಕಟ್ಟಿದಂತೆ, ಅದೂ ಆ ಜನರದ್ದೇ ಮಾತಿನಲ್ಲಿ. ಬದಲಿಸಿದರೆ ಏನೆಂದು ಬದಲಿಸುವುದು? ಸೋನಾಲಿ ಅವನ ಬಾಯನ್ನೇ ನೋಡುತ್ತಿದ್ದಳು.

"ಮಾಝ್ಯಾಚ ಸಾಯಕಲಚಾ ಧಕ್ಕಾ ಲಾಗಲಾ," ಎಂದ. ನನ್ನದೇ ಸೈಕಲ್ಲಿನ ಧಕ್ಕೆ ತಾಗಿದ್ದು.

ಎಷ್ಟು ಸಲೀಸಾಗಿ ಬಂತು ಅದು. ಲಿಂಗ ತಪ್ಪಲಿಲ್ಲ, ನಾಲಿಗೆ ತೊದಲಲಿಲ್ಲ, ಬೇರೆ ಯಾರದೋ ಹೇಳಿಕೆಯನ್ನು ಓದಿದಂತೆ ಓದಿಬಿಟ್ಟ. ಡಾಕ್ಟರು ತಲೆಯೆತ್ತಿ ಅವನನ್ನು ಒಂದು ಕ್ಷಣ ನೋಡಿ, ಬರೆದುಕೊಂಡು, ಜನ ನಡೆಯುವಲ್ಲಿ ಇಳಿದು ತಳ್ಳಿಕೊಂಡು ಹೋಗಬೇಕು ಕಾಕಾ ಎಂದು ಬೇಸರದಿಂದ ಹೇಳಿದಳು. ಇಷ್ಟೇನಾ, ಮುಗಿಯಿತೇ, ಹೇಳಿಯೇಬಿಟ್ಟೆನಲ್ಲ ಎಂದು ಅವನ ಎದೆ ಹಗುರಾಯಿತು. ಆಗ ತೋಳಿನ ಮೇಲಿದ್ದ ಕೈ ಅವನನ್ನು ಅಲುಗಿಸಿತು.

"ಸೈಕಲ್ಲ ಅಂದ್ರಿ, ಧಕ್ಕಾ ಅಂದ್ರಿ, ಅದು ತಿಳೀತು," ಎಂದಳು ಭೀಮವ್ವ. "ಯಾರ್ದಂದ್ರಿ ಸೈಕಲ್ಲ?"

ಕನ್ನಡದಲ್ಲಿ ಹೇಳಬೇಕು. ಎರಡೇ ಅಕ್ಷರ, ನಂದು. ಅವನು ನೀಲಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. ತನ್ನ ಆಯಿಯ ಮುಂದೆ, ತ್ರಿವೇಣಿಯ ಮುಂದೆ ಆಡುವ ಮಾತು ಅದು, ಅದರಲ್ಲಿ ಅಡಗಿಕೊಳ್ಳಲು ಜಾಗವಿರಲಿಲ್ಲ.

"ಅವರದಂತ, ಆಯಿ," ಎಂದಳು ಸೋನಾಲಿ. ಇಲ್ಲಿನ ಶಾಲೆಗೆ ಹೋಗುವ ಹುಡುಗಿಗೆ ಅಷ್ಟು ಮರಾಠಿ ಬರುತ್ತಿತ್ತು. "ಅದ ನೀಲಿ ಚೀಲಾ."

ಭೀಮವ್ವ ಅವನ ತೋಳಿನಿಂದ ಕೈ ತೆಗೆದಳು. ಸಿಟ್ಟಿನಿಂದಲ್ಲ, ಸೆರಗು ತಲೆಯ ಮೇಲೆ ಎಳೆದುಕೊಳ್ಳಲು ಅವಳಿಗೆ ಉಳಿದಿದ್ದದ್ದು ಆ ಕೈಯೊಂದೇ. ಅಷ್ಟರಲ್ಲಿ ಕಾಂಪೌಂಡರನು ಪ್ಲಾಸ್ಟರಿನ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ತಂದು ಅವಳ ಕೈಗೆ ಸುತ್ತತೊಡಗಿದ.

"ನಾಕ ದಿನಾ ಆತಲ್ಲೋ ಯಪ್ಪಾ," ಎಂದಳು ಕೊನೆಗೆ. "ಇವತ್ತ್ಯಾಕ ಬಂದಿ?"

ಅವನು ಹೇಳಿದ, ಈ ಸಲ ತನ್ನ ಮಾತಿನಲ್ಲಿಯೇ, ತೊದಲುತ್ತ. "ಕೂಸು ಆಯಿ ಅಂತ ಒದರಿತು. ನಾ ಮರಾಠಿ ಅಂತ ತಿಳಕೊಂಡೆ. ತಾಯಿ ಇರಬೇಕು, ಸಣ್ಣಾಕಿ, ಎದ್ದ ಹೋಗಿರತಾಳ ಅಂತ... ಇವತ್ತ ಮುಂಜಾನೆ ತಿಳೀತು, ನಮ್ಮಾಕಿ ಅಂತ."

ಭೀಮವ್ವ ಅದನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ನಮ್ಮವನಾಗಿದ್ದರೆ ಬಿಟ್ಟು ಹೋಗುತ್ತಿರಲಿಲ್ಲ ಎಂದು ತಾನೇ ಹೇಳಿದ್ದು ಅವಳಿಗೂ ನೆನಪಾಗಿರಬೇಕು. ಕಿಟಕಿಯ ಕಡೆ ನೋಡುತ್ತ, ಯಾವ ಸಿಟ್ಟೂ ಇಲ್ಲದೆ, ಗೊತ್ತಿಲ್ಲದ್ದನ್ನು ಕೇಳುವವರಂತೆ ಕೇಳಿದಳು.

"ಮರಾಠ್ಯಾಕಿ ಆಗಿದ್ರ ಬರ್ತಿದ್ದಿಲ್ಲೇನು?"

ಮಾಧುರಿಬಾಯಿಯ ಅರ್ಜಿಯ ಮೇಲೆ ಹನ್ನೆರಡನೆಯದಾಗಿ ತಾನು ಹಾಕಿದ ಸಹಿ ಶಿವರುದ್ರಪ್ಪನ ಕಣ್ಣೆದುರು ಬಂತು, ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲ ಎಂದು ಆಕೆ ಅಂದದ್ದೂ ನೆನಪಾಯಿತು. ಅವನು ತಲೆ ತಗ್ಗಿಸಿದ. ಕಾಂಪೌಂಡರನು ಪ್ಲಾಸ್ಟರು ಸುತ್ತಿ ಮುಗಿಸಿ, ಒಣಗುವ ತನಕ ಅಲುಗಬಾರದು, ಕೈಯನ್ನು ಕೆಳಗಿನಿಂದ ಹಿಡಿದುಕೊಳ್ಳಿ ಎಂದು ಅವನಿಗೆ ಮರಾಠಿಯಲ್ಲಿ ಹೇಳಿ ಹೊರಟುಹೋದ. ಶಿವರುದ್ರಪ್ಪ ಅಲುಗಲಿಲ್ಲ. ಆ ಕೈಯನ್ನು ಮುಟ್ಟಬಹುದೋ ಬಾರದೋ ಅವನಿಗೆ ತಿಳಿಯದಾಗಿತ್ತು.

ಅವನಿಗೆ ಮರಾಠಿ ಬರುವುದಿಲ್ಲವೆಂದು ಬಗೆದವಳಂತೆ ಸೋನಾಲಿ ಅವನ ಅಂಗಿಯ ತುದಿ ಜಗ್ಗಿದಳು.

"ಕೈ ಹಿಡಕೋರಿ ಅಂದ್ರು," ಎಂದಳು.

ಅವನು ಹಿಡಿದುಕೊಂಡ.